ಮಕ್ಕಳ ಹಲ್ಲಿನ ಡಾಕ್ಟರುಗಳ ವರ್ಲ್ಡ್ ಕಾಂಗ್ರೆಸ್: ಎಲ್ರೂ ನನ್ನ ಕೇಳೋ ಪ್ರಶ್ನೆಗಳು

2023ರ ಜೂನ್‌ನಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ಗೆ ಐಎಪಿಡಿ ಕಾಂಗ್ರೆಸ್ಸಿಗೆ ಹೋಗಿ ಬಂದೆ. ಅವತ್ತಿಂದ ವಾಟ್ಸಾಪಲ್ಲಿ ಅದದೇ ಪ್ರಶ್ನೆಗಳು. ಪಿಜಿ ಮಾಡ್ತಿರೋ ಹುಡುಗ್ರು ವೀಸಾ ಬಗ್ಗೆ ಕೇಳ್ತಾರೆ, ತುಮಕೂರಲ್ಲಿ ನನ್ನ ಕ್ಲಿನಿಕ್ಕಿಗೆ ಬರೋ ಅಪ್ಪ ಅಮ್ಮಂದಿರು ಗೋಡೆ ಮೇಲಿರೋ ಸರ್ಟಿಫಿಕೇಟ್ ನೋಡಿ "ಅಲ್ಲೇನ್ ಹೇಳ್ಕೊಟ್ರು ಮೇಡಂ" ಅಂತಾರೆ, ಪ್ರತಿಯೊಬ್ರಿಗೂ ಟೈಪ್ ಮಾಡಿ ಮಾಡಿ ಬೆರಳು ನೋವು ಬಂತು. ಅದಕ್ಕೇ ಎಲ್ಲಾ ಒಂದೇ ಕಡೆ ಬರೆದು ಹಾಕ್ತಿದೀನಿ, ಇನ್ಮೇಲೆ ಕೇಳಿದೋರಿಗೆ ಲಿಂಕ್ ಕಳಿಸ್ತೀನಿ, ಬೇಜಾರ್ ಮಾಡ್ಕೋಬೇಡಿ.

ಕಾಂಗ್ರೆಸ್ ಅಂದ್ರೆ ಯಾವ ಕಾಂಗ್ರೆಸ್?

ನಮ್ಮಜ್ಜಿ ಕೇಳಿದ್ದೂ ಇದೇ. "ಕಾಂಗ್ರೆಸ್ಸಿಗೆ ಹೋಗ್ತಿದೀನಿ ಅಜ್ಜಿ" ಅಂದ್ರೆ "ಯಾಕೆ, ಟಿಕೆಟ್ ಕೊಡ್ತಾರಂತಾ" ಅಂದ್ಲು. ಪಾರ್ಟಿನೂ ಅಲ್ಲ, ಬೆಂಗಳೂರಿನ ಕಾಂಗ್ರೆಸ್ ಕಡ್ಲೆಬೀಜನೂ ಅಲ್ಲ. ದೊಡ್ಡ ಸಮ್ಮೇಳನಕ್ಕೆ ಡಾಕ್ಟರುಗಳು ಹಂಗೆ ಕರೀತಾರೆ. ಐಎಪಿಡಿ ಅಂದ್ರೆ ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಆಫ್ ಪೀಡಿಯಾಟ್ರಿಕ್ ಡೆಂಟಿಸ್ಟ್ರಿ, ಮಕ್ಕಳ ಹಲ್ಲು ನೋಡೋ ಡಾಕ್ಟರುಗಳ ಪ್ರಪಂಚದ ಸಂಘ, 1969ರಲ್ಲಿ ಶುರುವಾಗಿದ್ದು. ಬೇರೆ ಬೇರೆ ದೇಶದ ಸಂಘಗಳು ಇದಕ್ಕೆ ಮೆಂಬರು, ನಮ್ಮ ದೇಶದಿಂದ ಐಎಸ್‌ಪಿಪಿಡಿ ಇದೆ.

ಎಷ್ಟು ವರ್ಷಕ್ಕೊಂದ್ಸಲ ನಡೆಯತ್ತೆ? ಎಲ್ಲಿ?

ಎರಡು ವರ್ಷಕ್ಕೊಂದ್ಸಲ, ಪ್ರತಿ ಸಲ ಬೇರೆ ದೇಶ. 2013 ಸಿಯೋಲ್, 2015 ಗ್ಲಾಸ್ಗೋ, 2017 ಚಿಲಿ ದೇಶದ ಸಾಂಟಿಯಾಗೊ, 2019 ಮೆಕ್ಸಿಕೋದ ಕಾನ್ಕುನ್. 2021ಕ್ಕೆ ಮಾಸ್ಟ್ರಿಕ್ಟ್ ಅಂತ ಇತ್ತು, ಕೋವಿಡ್ ಬಂದು ಎಲ್ರೂ ಮನೇಲಿ ಕೂತ್ಕೊಂಡು ಲ್ಯಾಪ್‌ಟಾಪಲ್ಲಿ ನೋಡೋ ಹಂಗಾಯ್ತು, ಆಮೇಲೆ ಅದೇ ಊರಿಗೆ 2023ರಲ್ಲಿ ಮತ್ತೆ ಚಾನ್ಸ್ ಕೊಟ್ರು. 2025ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್.

ಯುರೋಪಿನವರಿಗೆ ಇಎಪಿಡಿ ಅಂತ, ಅಮೆರಿಕದವರಿಗೆ ಎಎಪಿಡಿ ಅಂತ ಬೇರೆ ಸಂಘ, ಬೇರೆ ಸಮ್ಮೇಳನ ಇದೆ. ಹೆಸರು ಒಂದಕ್ಕೊಂದು ಅಂಟ್ಕೊಂಡಂಗಿರೋದ್ರಿಂದ ಫೀಸ್ ಕಟ್ಟೋಕೆ ಮುಂಚೆ ಮೊದಲ ಅಕ್ಷರ ಸರಿಯಾಗಿ ನೋಡ್ಕೊಳ್ಳಿ, ತಮಾಷೆ ಅಲ್ಲ.

ಬಿದ್ದೋಗೋ ಹಲ್ಲಿಗೆ ಇಷ್ಟೆಲ್ಲಾ ಬೇಕಾ ಮೇಡಂ?

ಇದನ್ನ ದಿನಾ ಕೇಳ್ತೀನಿ. ಹಾಲುಹಲ್ಲು ಒಟ್ಟು 20. ಮುಂದಿನವು 6-7 ವರ್ಷಕ್ಕೆ ಬೀಳತ್ವೆ ಸರಿ, ಆದ್ರೆ ಹಿಂದಿನ ದವಡೆ ಹಲ್ಲುಗಳು ಬೀಳೋದು 10-12 ವರ್ಷಕ್ಕೆ. ಮೂರು ವರ್ಷದ ಮಗುಗೆ ಹುಳುಕಾದ್ರೆ ಇನ್ನೂ ಏಳೆಂಟು ವರ್ಷ ಅದೇ ಹಲ್ಲಲ್ಲಿ ಊಟ ಮಾಡ್ಬೇಕು, ನೋವಲ್ಲಿ ರಾತ್ರಿ ನಿದ್ದೆ ಇಲ್ಲ, ಒಂದೇ ಕಡೆ ಅಗಿಯತ್ತೆ, ಮುದ್ದೆ ಆದ್ರೆ ನುಂಗತ್ತೆ ಚಪಾತಿ ಆದ್ರೆ ಉಗಿಯತ್ತೆ, ಆಗ ಅಮ್ಮ "ಇವ್ನು ಊಟಕ್ಕೆ ಹಠ ಮಾಡ್ತಾನೆ" ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಲಿ ಹೇಳಿದ್ದು, ಪ್ರಪಂಚದಲ್ಲಿ ಹಾಲುಹಲ್ಲು ಹುಳುಕಾಗಿರೋ ಮಕ್ಕಳು 51 ಕೋಟಿಗೂ ಜಾಸ್ತಿ. ಅಷ್ಟು ಮಕ್ಕಳ ಬಗ್ಗೆ ಎರಡು ವರ್ಷಕ್ಕೊಂದ್ಸಲ ನಾಲ್ಕು ದಿನ ಕೂತು ಮಾತಾಡೋದು ಜಾಸ್ತಿ ಆಯ್ತು ಅಂತ ನನಗೇನೂ ಅನ್ಸಲ್ಲ.

ನನಗೂ ಇನ್ವಿಟೇಷನ್ ಬಂದಿದೆ ಮ್ಯಾಮ್! ಸ್ಪೀಕರ್ ಆಗಿ ಕರ್ದಿದಾರೆ! ಹೋಗ್ಲಾ?

ಮೊದ್ಲು ನೀರು ಕುಡೀರಿ. ನೀವು ಫಸ್ಟ್ ಇಯರ್ ಪಿಜಿ, ಇನ್ನೂ ಥೀಸಿಸ್ ಟಾಪಿಕ್ಕೇ ಫೈನಲ್ ಆಗಿಲ್ಲ, ನಿಮ್ಮನ್ನ ಕೀನೋಟ್ ಸ್ಪೀಕರ್ ಅಂತ ಯಾರು ಕರೀತಾರೆ ಹೇಳಿ? ಇದರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಇದರಲ್ಲಿ ದುಡ್ಡು ಕಳ್ಕೊಂಡೋರು ಗೊತ್ತು.

ನಮ್ಮ ಇನ್‌ಬಾಕ್ಸಿಗೆ ವಾರಕ್ಕೆ ಮೂರ್ನಾಲ್ಕು ಇಂಥ ಮೇಲ್ ಬರತ್ವೆ. "ಗೌರವಾನ್ವಿತ ಡಾಕ್ಟರೇ, ನಿಮ್ಮ ಅಮೋಘ ಸಂಶೋಧನೆ ನೋಡಿ ಪುಳಕಿತರಾದೆವು" ಅನ್ನೋ ಧಾಟಿ, ಇಂಟರ್‌ನ್ಯಾಷನಲ್ ಅನ್ನೋ ಪದ ಮೂರು ಸಲ, ಊರು ಪ್ಯಾರಿಸ್ಸೋ ದುಬೈಯೋ. ಸೈಟಿಗೆ ಹೋದ್ರೆ ಅದೇ ಕಂಪನಿ ಅದೇ ತಿಂಗಳು ಅದೇ ಹೋಟೆಲ್ಲಲ್ಲಿ ಹೃದಯದ್ದು, ಮೀನುಗಾರಿಕೆದು, ನ್ಯಾನೋ ಟೆಕ್ನಾಲಜಿದು, ಎಲ್ಲಾ ಕಾನ್ಫರೆನ್ಸ್ ಮಾಡ್ತಿರತ್ತೆ. ನನ್ನ ಜೂನಿಯರ್ ಒಬ್ಳು ಫೀಸ್ ಕಟ್ಟಿ, ರಜೆ ಹಾಕಿ, ಸೀರೆ ಇಸ್ತ್ರಿ ಮಾಡಿಸ್ಕೊಂಡು ಹೋದ್ಳು. ಹೋಟೆಲ್ಲಿನ ಒಂದು ರೂಮು, ಇಪ್ಪತ್ತು ಕುರ್ಚಿ, ಹನ್ನೊಂದು ಜನ, ಅದರಲ್ಲಿ ಮೂರು ಜನ ದಂತವೈದ್ಯರೇ ಅಲ್ಲ. ಇವಳು ಹಾಲುಹಲ್ಲಿನ ರೂಟ್ ಕೆನಾಲ್ ಬಗ್ಗೆ ಮಾತಾಡಿ ಮುಗಿಸಿದ್ರೆ ಪ್ರಶ್ನೆ ಕೇಳೋಕೆ ಯಾರೂ ಇಲ್ಲ, ಚೇರ್‌ಪರ್ಸನ್ ಅಂತ ಕೂತಿದ್ದೋರು ಸರ್ಟಿಫಿಕೇಟ್ ಕೊಟ್ಟು ಮುಂದಿನವರನ್ನ ಕರೆದ್ರು, ಮುಂದಿನವರದ್ದು ಸೋಲಾರ್ ಪ್ಯಾನೆಲ್. ನಗಬೇಡಿ, ಅವಳು ಅತ್ತಿದಾಳೆ. ಇಂಥ ವ್ಯವಹಾರ ಮಾಡ್ತಿದ್ದ ಹೈದರಾಬಾದ್ ಮೂಲದ ಒಂದು ಕಂಪನಿಗೆ 2019ರಲ್ಲಿ ಅಮೆರಿಕದ ಕೋರ್ಟು 5 ಕೋಟಿ ಡಾಲರ್ ಮೇಲೆ ಕಟ್ಟು ಅಂತ ಆರ್ಡರ್ ಮಾಡಿತ್ತು, ಆದ್ರೂ ಈ ಮೇಲ್‌ಗಳು ನಿಂತಿಲ್ಲ.

ಅಸಲಿದು ಹೆಂಗೆ ಗೊತ್ತಾಗತ್ತೆ? ಹಿಂದೆ ಒಂದು ಸಂಘ ಇರತ್ತೆ, ಕಂಪನಿ ಅಲ್ಲ. ನಿಮ್ಮ ಎಚ್‌ಒಡಿಗೆ ಅದರ ಹೆಸರು ಗೊತ್ತಿರತ್ತೆ. ಜಾಗ, ದಿನ ಬಹಳ ಮುಂಚೆನೇ ಗೊತ್ತಾಗತ್ತೆ. ಮುಖ್ಯವಾಗಿ, ಅಸಲಿ ಜಾಗಕ್ಕೆ ನೀವೇ ಅಬ್‌ಸ್ಟ್ರಾಕ್ಟ್, ಅಂದ್ರೆ ನಿಮ್ಮ ಕೆಲಸದ ಸಾರಾಂಶ, ಕಳಿಸಿ ಕಾಯ್ಬೇಕು, ಅವರು ನಿಮ್ಮ ಕಾಲಿಗೆ ಬೀಳಲ್ಲ.

ಅಬ್‌ಸ್ಟ್ರಾಕ್ಟ್ ಏನ್ ಕಳಿಸೋದು? ನಮ್ಮ ಹತ್ರ ದೊಡ್ಡ ಮಷೀನೇ ಇಲ್ಲ

ಮಷೀನ್ ಬೇಡ. ನಿಮ್ಮೂರಲ್ಲಿ ಮಾತ್ರ ಸಿಗೋದು ಏನಿದೆಯೋ ಅದನ್ನ ಕಳಿಸಿ. ಅಂಗನವಾಡಿಲಿ ಹಲ್ಲು ಎಣಿಸಿದ್ದು, ಸರ್ಕಾರಿ ಶಾಲೆ ಮಕ್ಕಳ ಹಲ್ಲಿಗೆ ಹುಳುಕು ನಿಲ್ಲಿಸೋ ಸಿಲ್ವರ್ ಔಷಧಿ ಹಚ್ಚಿ ಆರು ತಿಂಗಳಾದ್ಮೇಲೆ ನೋಡಿದ್ದು, ಸೀಳುತುಟಿ ಮಕ್ಕಳ ಹಲ್ಲು. ಎಷ್ಟೋ ಜನ ಲೇಸರ್ ಅಂತ ಬರೀತಾರೆ, ಆ ಲೇಸರ್ ಕಾಲೇಜಲ್ಲಿ ಬಟ್ಟೆ ಮುಚ್ಕೊಂಡು ಕೂತಿರತ್ತೆ, ಇನ್‌ಸ್ಪೆಕ್ಷನ್ ದಿನ ಮಾತ್ರ ತೆಗೀತಾರೆ. ಪದಮಿತಿ ಸೈಟಲ್ಲಿ ಕೊಟ್ಟಿರ್ತಾರೆ, ಮೀರಬೇಡಿ. ರಿಸಲ್ಟ್ ಜಾಗದಲ್ಲಿ "ಮುಂದೆ ಚರ್ಚಿಸಲಾಗುವುದು" ಅಂತ ಬರೆದ್ರೆ ರಿಜೆಕ್ಟ್ ಗ್ಯಾರಂಟಿ, ಸಂಖ್ಯೆ ಬರೀರಿ. ಎಥಿಕ್ಸ್ ಕಮಿಟಿ ಅನುಮತಿ ಇಲ್ದೇ ಮಗು ಮುಖದ ಫೋಟೋ ಹಾಕ್ಬೇಡಿ, ಕಣ್ಣಿಗೆ ಕಪ್ಪು ಪಟ್ಟಿ ಹಾಕಿದ್ರೆ ಆಯ್ತು ಅನ್ನೋ ಕಾಲ ಮುಗೀತು.

ಪೋಸ್ಟರ್ ಪ್ರಿಂಟ್ ಮಾಡಿಸ್ಬೇಕಾ ಅಂತಾನೂ ಕೇಳ್ತಾರೆ. ಈಗ ಬಹಳ ಕಡೆ ಇ-ಪೋಸ್ಟರ್ರೇ, ಸೂಚನೆ ಓದ್ಕೊಳ್ಳಿ. ಒಮ್ಮೆ ಬೇರೊಂದು ಕಾನ್ಫರೆನ್ಸಿಗೆ ಟ್ಯೂಬಲ್ಲಿ ಸುತ್ತಿಟ್ಟ ನನ್ನ ಪೋಸ್ಟರ್ ಲಗೇಜ್ ಜೊತೆ ಬೇರೆ ಊರಿಗೆ ಹೋಗಿ, ನಾನು ಖಾಲಿ ಬೋರ್ಡ್ ಮುಂದೆ ನಿಂತ್ಕೊಂಡು ಕೈಯಲ್ಲೇ ಗ್ರಾಫ್ ತೋರಿಸಿದ್ದೂ ಆಗಿದೆ. ಪೆನ್‌ಡ್ರೈವಲ್ಲಿ ಒಂದು ಕಾಪಿ, ಮೇಲ್‌ನಲ್ಲಿ ಒಂದು ಕಾಪಿ ಇಟ್ಕೊಳ್ಳಿ.

ದುಡ್ಡೆಷ್ಟಾಗತ್ತೆ? ವೀಸಾ?

ಫೀಸ್ ಪ್ರತಿ ಸಲ ಬದಲಾಗತ್ತೆ, ಅದಕ್ಕೆ ಅಂಕಿ ಬರೀತಿಲ್ಲ. ಮೆಂಬರ್‌ಗೆ, ಸ್ಟೂಡೆಂಟ್‌ಗೆ ಕಡಿಮೆ, ಅರ್ಲಿ ಬರ್ಡ್ ತಾರೀಖು ದಾಟಿದ್ರೆ ಜೇಬಿಗೆ ಕತ್ರಿ. ಪಿಜಿ ಐಡಿ ಕಾರ್ಡ್ ಇರೋವಾಗ್ಲೇ ಹೋಗಿ ಬನ್ನಿ ಅಂತ ಹೇಳೋದು ಅದಕ್ಕೇ.

ಮಾಸ್ಟ್ರಿಕ್ಟ್‌ಗೆ ಶೆಂಗೆನ್ ವೀಸಾ ಬೇಕಿತ್ತು, ಬೆಂಗಳೂರಿನ ವಿಎಫ್‌ಎಸ್ ವೀಸಾ ಸೆಂಟರಲ್ಲೇ ಅರ್ಜಿ ಕೊಟ್ಟೆ, ಆಗ ವೀಸಾ ಫೀಸ್ 80 ಯೂರೋ ಇತ್ತು, ಈಗ 90. ಕೊನೆ ಹತ್ತು ದಿನಕ್ಕೆ ಅಪಾಯಿಂಟ್‌ಮೆಂಟ್ ಹುಡುಕ್ಬೇಡಿ. ಆ ಊರಿನ ಹೋಟೆಲ್ ರೇಟ್ ನೋಡಿ ತಲೆ ತಿರುಗ್ತು. ಮಾಸ್ಟ್ರಿಕ್ಟ್ ಇರೋದು ನೆದರ್ಲೆಂಡ್ಸಿನ ಬಾಲದ ತುದಿಲಿ, ಈ ಕಡೆ ಬೆಲ್ಜಿಯಂ ಆ ಕಡೆ ಜರ್ಮನಿ, ನಾವು ಮೂರು ಜನ ಬೆಲ್ಜಿಯಂನ ಲಿಯೇಜ್‌ನಲ್ಲಿ ರೂಮ್ ಮಾಡಿ ದಿನಾ ಅರ್ಧ ಗಂಟೆ ರೈಲಲ್ಲಿ ಹೋಗಿ ಬರ್ತಿದ್ವಿ. ತುಮಕೂರಿಂದ ಬೆಂಗಳೂರಿಗೆ ಪ್ಯಾಸೆಂಜರ್ ಹತ್ತಿ ಓಡಾಡೋ ನಮಗೆ ಅದೊಂದು ದೂರನಾ? ದೇಶ ಬದಲಾಗಿದ್ದು ಗೊತ್ತಾಗ್ತಿದ್ದಿದ್ದು ಫೋನಿಗೆ ಬರೋ ಮೆಸೇಜಿಂದ ಮಾತ್ರ. ಕಾಂಗ್ರೆಸ್ ನಡೆದ ಎಂಇಸಿಸಿ ಅನ್ನೋ ಜಾಗ ರಾಂಡ್‌ವೈಕ್ ಸ್ಟೇಷನ್ ಪಕ್ಕದಲ್ಲೇ, ಇಳಿದು ನಡ್ಕೊಂಡೇ ಹೋಗ್ಬಹುದು.

ದಕ್ಷಿಣ ಆಫ್ರಿಕಾ ಕಡೆ ಹೋಗೋರು ಒಂದು ವಿಷಯ ನೆನಪಿಟ್ಕೊಳ್ಳಿ: ಹಳದಿ ಜ್ವರ ಇರೋ ದೇಶದ ಏರ್‌ಪೋರ್ಟಲ್ಲಿ 12 ಗಂಟೆಗಿಂತ ಜಾಸ್ತಿ ಕಾಯ್ಬೇಕಾದ್ರೆ ಆ ಲಸಿಕೆ ಸರ್ಟಿಫಿಕೇಟ್ ಕೇಳ್ತಾರೆ. ಟಿಕೆಟ್ ಚೀಪಾಗಿದೆ ಅಂತ ಉದ್ದ ಲೇಓವರ್ ತಗೊಂಡು ಸಿಕ್ಕಾಕ್ಕೋಬೇಡಿ.

ವೆಜ್ ಊಟ ಸಿಗತ್ತಾ?

ಸಿಗತ್ತೆ, ಬ್ರೆಡ್ಡು ಚೀಸು, ಚೀಸು ಬ್ರೆಡ್ಡು. ಚಟ್ನಿಪುಡಿ, ಅವಲಕ್ಕಿ ತಗೊಂಡ್ಹೋಗಿ. ಧಾರವಾಡ ಪೇಡ ಗಿಫ್ಟ್ ಕೊಡೋಣ ಅಂತ ನನ್ನ ಫ್ರೆಂಡ್ ಎರಡು ಕೆಜಿ ಕಟ್ಟಿಸಿದ್ಲು, ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ಒಯ್ಯೋ ಹಂಗಿಲ್ಲ ಅಂತ ಹೊರಡೋ ಹಿಂದಿನ ರಾತ್ರಿ ಗೊತ್ತಾಗಿ ಮನೆಯವರೆಲ್ಲಾ ಕೂತು ತಿಂದ್ರಂತೆ. ಮಾಸ್ಟ್ರಿಕ್ಟ್ ಕಡೆ ಫ್ಲಾಯ್ ಅಂತ ಹಣ್ಣು ತುಂಬಿದ ಒಂದು ಸಿಹಿ ಪೈ ಮಾಡ್ತಾರೆ. ಬೆಳಗ್ಗೆಯಿಂದ ಸಕ್ಕರೆಗೆ ಬೈದ ಡಾಕ್ಟರುಗಳೆಲ್ಲ ಸಾಯಂಕಾಲ ಬೇಕರಿ ಮುಂದೆ ಕ್ಯೂ ನಿಂತಿದ್ದು ಕಣ್ಣಾರೆ ನೋಡಿದೀನಿ. ನಾನೂ ಕ್ಯೂಲಿದ್ದೆ.

ಅಲ್ಲಿ ನಾಲ್ಕು ದಿನ ಮಾತಾಡೋದಾದ್ರೂ ಏನು? ಹೊಸ ಹೊಸ ಡ್ರಿಲ್ಲಿಂಗ್ ಮಷೀನಾ?

ನಾನೂ ಹಂಗೇ ಅನ್ಕೊಂಡಿದ್ದೆ. ವಿಚಿತ್ರ ಅಂದ್ರೆ ಡ್ರಿಲ್ ಹಿಡಿಯೋರೆಲ್ಲಾ ಸೇರ್ಕೊಂಡು ಡ್ರಿಲ್ ಹೆಂಗೆ ಬಿಡೋದು ಅಂತ ಮಾತಾಡ್ತಾರೆ. ಎಗ್ಸಿಬಿಷನ್ ಹಾಲಲ್ಲಿ ಮಷೀನ್ ಇರತ್ವೆ, ಜಿರ್ಕೋನಿಯಾ ಕ್ಯಾಪ್, ಫ್ರೀ ಬ್ರಶ್ಶು, ಮೊಸಳೆ ಆಕಾರದ ಬಾಯಿ ಮಾಡೆಲ್ಲು, ಎಲ್ಲಾ. ಆದ್ರೆ ಒಳಗೆ ಕಿವಿಗೆ ಬೀಳೋದು ಬೇರೆ.

ಹಾಲ್ ಟೆಕ್ನಿಕ್ ತಗೊಳ್ಳಿ. ನಾರ್ನಾ ಹಾಲ್ ಅಂತ ಸ್ಕಾಟ್ಲೆಂಡಿನ ಒಬ್ರು ಸಾಮಾನ್ಯ ಡೆಂಟಿಸ್ಟ್, ಪ್ರೊಫೆಸರ್ ಗಿಫೆಸರ್ ಅಲ್ಲ, ಹುಳುಕು ಹಿಡಿದ ಹಾಲುಹಲ್ಲಿನ ಮೇಲೆ ಇಂಜೆಕ್ಷನ್ ಇಲ್ದೆ, ಕೊರೀದೆ, ಸ್ಟೀಲ್ ಕ್ಯಾಪನ್ನ ಸಿಮೆಂಟ್ ತುಂಬಿ ಹಂಗೇ ಒತ್ತಿ ಕೂರಿಸ್ತಿದ್ರು. ಕಾಲೇಜಲ್ಲಿ ನಮಗೆ ಕಲಿಸಿದ್ದು ಹುಳುಕು ಒಂದು ಚೂರೂ ಬಿಡಬಾರ್ದು ಅಂತ, ಹಂಗಾಗಿ ಇದನ್ನ ಕೇಳಿದ ತಕ್ಷಣ ಪಾಪ ಮಾಡ್ದಂಗೆ ಅನ್ಸತ್ತೆ. ಡಂಡಿ ಯೂನಿವರ್ಸಿಟಿಯವರು 132 ಮಕ್ಕಳಲ್ಲಿ, ಒಂದು ಕಡೆ ಹಲ್ಲಿಗೆ ಮಾಮೂಲಿ ಫಿಲ್ಲಿಂಗ್ ಇನ್ನೊಂದು ಕಡೆಗೆ ಹಾಲ್ ಕ್ಯಾಪ್ ಮಾಡಿ ನೋಡಿದ್ರು, ಕ್ಯಾಪೇ ಗೆದ್ದಿತು. ಯಾಕಂದ್ರೆ ಒಳಗೆ ಸೀಲ್ ಆದ ಬ್ಯಾಕ್ಟೀರಿಯಾಗೆ ಸಕ್ಕರೆ ಸಿಗಲ್ಲ, ಸಕ್ಕರೆ ಸಿಗ್ದಿದ್ರೆ ಆಸಿಡ್ ಇಲ್ಲ, ಹುಳುಕು ಅಲ್ಲಿಗೇ ನಿಲ್ಲತ್ತೆ. ಎಲ್ಲಾ ಹಲ್ಲಿಗೂ ಆಗಲ್ಲ ಮತ್ತೆ, ಕೀವಾಗಿದ್ರೆ, ನರದವರೆಗೂ ಹೋಗಿದ್ರೆ, ರಾತ್ರಿ ತಾನಾಗೇ ನೋವು ಬರ್ತಿದ್ರೆ ಇದು ನಡಿಯಲ್ಲ.

ಆಮೇಲೆ ಸಿಲ್ವರ್ ಡೈಅಮೈನ್ ಫ್ಲೋರೈಡ್. ಒಂದು ಹನಿ, ಚಿಕ್ಕ ಬ್ರಶ್ಶಲ್ಲಿ ಹುಳುಕಿನ ಮೇಲೆ ಹಚ್ಚಿದ್ರೆ ಹುಳುಕು ಗಟ್ಟಿಯಾಗಿ ನಿಲ್ಲತ್ತೆ, ಆದ್ರೆ ಕಪ್ಪಾಗತ್ತೆ, ಇದ್ದಿಲು ಥರ ಕಪ್ಪು. ಜಪಾನಿನಲ್ಲಿ 1970ರ ಹೊತ್ತಿಂದ ಇದೆ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸ್ತು. ನನ್ನ ಪಕ್ಕ ಕೂತಿದ್ದ ಬ್ರೆಜಿಲ್ ಡಾಕ್ಟರ್ ಒಬ್ರಿಗೆ "ನಮ್ಮ ಕಡೆ ಹೆಣ್ಣುಮಗು ಆದ್ರೆ ಕಪ್ಪು ಹಲ್ಲು ಅಂದ ತಕ್ಷಣ ಅಜ್ಜಿ ಎದ್ದು ಹೊರಟೋಗ್ತಾರೆ" ಅಂದೆ. "ನಮ್ಮ ಕಡೆನೂ ಅಜ್ಜೀನೇ" ಅಂದ್ರು. ಆ ಒಂದು ಮಾತಿಗೆ ನಾವಿಬ್ರೂ ಕಾಫಿ ಬ್ರೇಕ್ ಪೂರ್ತಿ ನಕ್ಕಿದೀವಿ.

ಕೊರೆಯೋ ಮಷೀನೇ ಇಲ್ದೆ ಕೈ ಸಲಕರಣೆಲೇ ಮೆತ್ತಗಿರೋ ಹುಳುಕು ಕೆರೆದು ಸಿಮೆಂಟ್ ತುಂಬೋ ಎಆರ್‌ಟಿ ಗೊತ್ತಲ್ಲ, ಅದು ಶುರುವಾಗಿದ್ದು 1980ರ ದಶಕದಲ್ಲಿ ತಾಂಜಾನಿಯಾದಲ್ಲಿ, ಮಾಡಿದೋರು ಯೋ ಫ್ರೆಂಕೆನ್ ಅಂತ ಡಚ್ಚರು. ಕರೆಂಟಿಲ್ಲದ ಊರಿಗೆ ಅಂತ ಮಾಡಿದ್ದು, ಈಗ ಕರೆಂಟಿರೋ ಊರಲ್ಲೂ ಅಳೋ ಮಗುಗೆ ಅದೇ ಬೇಕು ಅಂತಿದಾರೆ.

ಚೀಸ್ ಹಲ್ಲು ಅಂದ್ರಿ ಒಂದ್ಸಲ, ಅದೇನು?

ಡಚ್ ಭಾಷೇಲಿ ಕಾಸ್‌ಕೀಜೆನ್ ಅಂತಾರೆ, ಚೀಸ್ ದವಡೆಹಲ್ಲು. ಡಾಕ್ಟರ್ ಭಾಷೇಲಿ ಎಂಐಎಚ್, ಈ ಹೆಸರು ಇಟ್ಟಿದ್ದು 2001ರಲ್ಲಿ. ಆರು ವರ್ಷಕ್ಕೆ ಹುಟ್ಟೋ ಹೊಸ ದವಡೆ ಹಲ್ಲು ಹುಟ್ಟುವಾಗ್ಲೇ ಹಳದಿ ಕಂದು ಕಲೆ ಇಟ್ಕೊಂಡು ಬರತ್ತೆ, ಚೀಸ್ ಥರ ಪುಡಿಪುಡಿ, ತಣ್ಣೀರು ತಾಗಿದ್ರೆ ಜುಂ ಅನ್ನತ್ತೆ, ಮಗು ನೋವಿಗೆ ಆ ಕಡೆ ಬ್ರಶ್ಶೇ ಮಾಡಲ್ಲ, ಇಂಜೆಕ್ಷನ್ ಕೊಟ್ರೂ ಸರಿಯಾಗಿ ಮರಗಟ್ಟಲ್ಲ. ಪ್ರಪಂಚದಲ್ಲಿ ನೂರಕ್ಕೆ 13ರ ಆಸುಪಾಸು ಮಕ್ಕಳಿಗೆ ಇದೆ.

ಇದನ್ನ ಇಲ್ಲಿ ಬರೆಯೋಕೆ ಕಾರಣ ಇದೆ. ನಮ್ಮ ಪಾವಗಡ, ಶಿರಾ, ಆ ಕಡೆ ಕೋಲಾರ, ಇಲ್ಲೆಲ್ಲ ಕಲೆ ಇರೋ ಹಲ್ಲು ಕಂಡ್ರೆ ಸಾಕು "ಫ್ಲೋರೈಡ್ ನೀರು" ಅಂತ ಬರೆದು ಕಳಿಸ್ತೀವಿ, ನಾನೂ ಎಷ್ಟೋ ವರ್ಷ ಹಂಗೇ ಮಾಡಿದೀನಿ. ಫ್ಲೋರೋಸಿಸ್, ಅಂದ್ರೆ ಫ್ಲೋರೈಡ್ ನೀರಿಂದಾದ ಕಲೆ, ಆದ್ರೆ ಎಡ ಬಲ ಒಂದೇ ಥರ, ಬಹಳ ಹಲ್ಲಿಗೆ, ಅಂಚಿಲ್ಲದೆ ಹರಡ್ಕೊಂಡಿರತ್ತೆ. ಎಂಐಎಚ್ ಆದ್ರೆ ಕಲೆಗೆ ಗೆರೆ ಎಳೆದಂಗೆ ಅಂಚು, ಒಂದು ದವಡೆ ಹಲ್ಲು ಕೆಟ್ಟಿರತ್ತೆ ಪಕ್ಕದ್ದು ಚೆನ್ನಾಗಿರತ್ತೆ. ವಾಪಸ್ ಬಂದ ವಾರಾನೇ ಹಳೇ ಫೋಟೋಗಳನ್ನ ತೆಗೆದು ನೋಡಿದೆ. ಎಷ್ಟು ತಪ್ಪು ಅಂತ ಇಲ್ಲಿ ಬರೆಯಲ್ಲ.

ನಾವು ಡಾಕ್ಟರಲ್ಲ, ನಮಗೆ ಇದ್ರಿಂದ ಏನು ಸಿಗತ್ತೆ?

2018ರ ನವೆಂಬರ್‌ನಲ್ಲಿ ಇದೇ ಐಎಪಿಡಿ ಬ್ಯಾಂಕಾಕಲ್ಲಿ 11 ಜನ ಎಕ್ಸ್‌ಪರ್ಟ್‌ಗಳನ್ನ ಕೂರಿಸಿ ಬ್ಯಾಂಕಾಕ್ ಡಿಕ್ಲರೇಷನ್ ಅಂತ ಬರೆಸ್ತು, ಆರು ವರ್ಷದೊಳಗಿನ ಮಕ್ಕಳ ಹುಳುಕಿನ ಬಗ್ಗೆ. ಅದರಲ್ಲಿ ಮನೆಯವರಿಗೆ ಬೇಕಾಗಿದ್ದು ಇಷ್ಟು. ಎರಡು ವರ್ಷದವರೆಗೆ ಸಕ್ಕರೆ ಸೇರಿಸಿದ್ದು ಕೊಡ್ಬೇಡಿ. ದಿನಕ್ಕೆ ಎರಡು ಸಲ ಫ್ಲೋರೈಡ್ ಪೇಸ್ಟಲ್ಲಿ ಉಜ್ಜಿ, ಪೇಸ್ಟಲ್ಲಿ ಕನಿಷ್ಠ 1000 ಪಿಪಿಎಂ ಫ್ಲೋರೈಡ್ ಇರ್ಲಿ. ಒಂದು ವರ್ಷ ತುಂಬೋದ್ರೊಳಗೆ ಹಲ್ಲಿನ ಬಗ್ಗೆ ಯಾರಾದ್ರೂ ಗೊತ್ತಿರೋರ ಹತ್ರ ಸಲಹೆ ತಗೊಳ್ಳಿ, ಸಾಧ್ಯ ಆದ್ರೆ ಡೆಂಟಿಸ್ಟ್ ಹತ್ರನೇ ಹೋಗಿ.

"ನಾವು ಸಕ್ಕರೆನೇ ಕೊಡಲ್ಲ ಮೇಡಂ, ರಾಗಿ ಸರಿಗೆ ಬೆಲ್ಲ ಅಷ್ಟೆ" ಅಂತಾರೆ. ಹುಳುಕಿಗೆ ಬೆಲ್ಲ ಸಕ್ಕರೆ ಜೇನುತುಪ್ಪ ಎಲ್ಲಾ ಒಂದೇ. ರಾತ್ರಿ ಬಾಟಲಲ್ಲಿ ಸಕ್ಕರೆ ಹಾಲು ಬಾಯಲ್ಲಿಟ್ಕೊಂಡು ಮಲಗೋ ಮಗುದು ಮೇಲಿನ ನಾಲ್ಕು ಮುಂದಿನ ಹಲ್ಲು ಮೊದ್ಲು ಹೋಗತ್ತೆ, ಕೆಳಗಿನವು ನಾಲಿಗೆ ಮರೇಲಿ ಉಳ್ಕೊಳತ್ವೆ.

ಪೇಸ್ಟ್ ಕೊಳ್ಳೋವಾಗ ಡಬ್ಬಿ ಹಿಂದೆ ಓದಿ. ಕಾರ್ಟೂನ್ ಚಿತ್ರದ ಮಕ್ಕಳ ಪೇಸ್ಟುಗಳಲ್ಲಿ ಕೆಲವಕ್ಕೆ ಫ್ಲೋರೈಡೇ ಇರಲ್ಲ, ಕೆಲವಕ್ಕೆ 500ರ ಹತ್ರ ಇರತ್ತೆ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿ ಕಾಳಿನಷ್ಟು. ಜಾಹೀರಾತಲ್ಲಿ ಬ್ರಶ್ ಪೂರ್ತಿ ಅಲೆ ಅಲೆಯಾಗಿ ಹಾಕ್ತಾರಲ್ಲ, ಅದು ಪೇಸ್ಟ್ ಬೇಗ ಖಾಲಿಯಾಗ್ಲಿ ಅಂತ. ಉಜ್ಜೋದು ನೀವೇ, ಮಗು ಅಲ್ಲ.

ನಮ್ಮೂರ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಜಾಸ್ತಿ, ಮತ್ತೆ ಪೇಸ್ಟಲ್ಲೂ ಬೇಕಾ?

ಒಳ್ಳೇ ಪ್ರಶ್ನೆ. ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ತೊಂದರೆ, ಮತ್ತೆ ಆ ತೊಂದರೆ ಹೊಟ್ಟೆಗೆ ಹೋಗೋ ನೀರಿಂದ, ಅಕ್ಕಿಕಾಳಿನಷ್ಟು ಪೇಸ್ಟಿಂದ ಅಲ್ಲ. ಹೊಸ ಹಲ್ಲಿನ ಎನಾಮಲ್, ಅಂದ್ರೆ ಗಟ್ಟಿ ಹೊರಪದರ, ತಯಾರಾಗೋದು ಸುಮಾರು ಎಂಟು ವರ್ಷದವರೆಗೆ, ಅಲ್ಲಿವರೆಗೆ ಕುಡಿಯೋಕೆ, ಅಡುಗೆಗೆ ಊರಿನ ಶುದ್ಧ ನೀರಿನ ಘಟಕದ ನೀರು ಬಳಸಿ. ಪೇಸ್ಟ್ ನುಂಗದಂಗೆ ನೋಡ್ಕೊಂಡು ಉಜ್ಜಿ. ಇಂಥ ಊರಲ್ಲೂ ಹುಳುಕು ಹಲ್ಲು ರಾಶಿ ರಾಶಿ ನೋಡ್ತೀನಿ, ಫ್ಲೋರೈಡ್ ಜಾಸ್ತಿ ಅಂತ ಹುಳುಕೇನೂ ಸುಮ್ನಿರಲ್ಲ.

ಇಂಗ್ಲಿಷ್ ಸರಾಗ ಬರಲ್ಲ, ನಾಚಿಕೆ ಆಗತ್ತೆ

ಅಲ್ಲಿ ಮುಕ್ಕಾಲು ಪಾಲು ಜನಕ್ಕೆ ಇಂಗ್ಲಿಷ್ ಮನೆಭಾಷೆ ಅಲ್ಲ. ನಿಧಾನಕ್ಕೆ ಮಾತಾಡಿ, ಸ್ಲೈಡಲ್ಲಿ ಫೋಟೋ ಜಾಸ್ತಿ ಹಾಕಿ. ನಿಮಗಿಂತ ಕಷ್ಟ ಗ್ಲಾಸ್ಗೋದವರ ಇಂಗ್ಲಿಷ್ ಅರ್ಥ ಮಾಡ್ಕೊಳ್ಳೋದು.

ಹೋಗಿ ಬಂದ್ಮೇಲೆ ನಿಮ್ಮ ಕ್ಲಿನಿಕ್ಕಲ್ಲಿ ಏನಾದ್ರೂ ಬದಲಾಯ್ತಾ, ಅಥವಾ ಬರೀ ಸರ್ಟಿಫಿಕೇಟಾ?

ದವಡೆ ಹಲ್ಲು ಹುಳುಕಾದ ಐದು ವರ್ಷದ ಒಬ್ಬ ಹುಡುಗ ಬರ್ತಿದ್ದ, ಡ್ರಿಲ್ ಸೌಂಡ್ ಕೇಳಿದ್ರೇ ಅವನಪ್ಪನ ಶರ್ಟೊಳಗೆ ತಲೆ ತೂರಿಸ್ತಿದ್ದ. ಎರಡು ಸಲ ವಾಪಸ್ ಕಳಿಸಿದ್ದೆ. ಎಕ್ಸ್‌ರೇ ತೆಗ್ಸಿ ನೋಡಿದ್ರೆ ನರ ಇನ್ನೂ ಚೆನ್ನಾಗಿತ್ತು. ಸರಿ ಅಂತ ಹಲ್ಲಿನ ಸಂದೀಲಿ ಚಿಕ್ಕ ರಬ್ಬರ್ ರಿಂಗ್ ಸಿಕ್ಕಿಸಿ ಕಳಿಸ್ದೆ, ಮೂರು ದಿನಕ್ಕೆ ಬಂದ, ರಿಂಗ್ ತೆಗೆದ್ರೆ ಜಾಗ ಆಗಿತ್ತು. ಸೈಜ್ ನೋಡಿ ಹಾಲ್ ಟೆಕ್ನಿಕ್ಕಿನ ಸ್ಟೀಲ್ ಕ್ಯಾಪಿಗೆ ಸಿಮೆಂಟ್ ತುಂಬಿ ಇಟ್ಟು, ಮೇಲೆ ಹತ್ತಿ ಉಂಡೆ ಕೊಟ್ಟು "ಸಿಂಹದ ಥರ ಕಚ್ಚು" ಅಂದೆ. ಟಕ್ ಅಂತ ಕೂತ್ಕೊಳ್ತು. ಕಚ್ಚಿದ್ರೆ ಸ್ವಲ್ಪ ಎತ್ತರ ಅನ್ಸತ್ತೆ, ಕೆಲವು ವಾರದಲ್ಲಿ ಸರಿಹೋಗತ್ತೆ ಅಂತ ಅವರಪ್ಪನಿಗೆ ಹೇಳ್ತಿದ್ದೆ, ಅಷ್ಟರಲ್ಲಿ ಇವನು ಕುರ್ಚಿಯಿಂದ ಇಳಿದು ಕನ್ನಡಿ ಮುಂದೆ ಬಾಯಿ ಕಳ್ಕೊಂಡು ನಿಂತಿದ್ದ. "ಅಪ್ಪಾ, ರೋಬೋ ಹಲ್ಲು!"

ಮುಂದಿನ ವಾರ ಅವನ ಕ್ಲಾಸಿನ ಇನ್ನೊಬ್ಬ ಹುಡುಗನ ಅಮ್ಮ ಫೋನ್ ಮಾಡಿದ್ರು, ನಮ್ಮ ಮಗನಿಗೂ ರೋಬೋ ಹಲ್ಲು ಬೇಕಂತೆ, ಹುಳುಕಿಲ್ಲ ಆದ್ರೂ ಹಾಕ್ತೀರಾ ಅಂತ. ಇಲ್ಲ, ಹಾಕಲ್ಲ.